ಹೇಮಣ್ಣನ ಹೆಂಡತಿಯ ಕುಬಸ

ಕೊಟ್ಟೂರು
24-5-1998

ನನ್ನ ಮುದ್ದು ಕೊಟ್ರಿಗೆ ಅವ್ವನ ಆಶೀರ್ವಾದಗಳು. ನಿನ್ನ ಯಜಮಾನರು ಕ್ರಾಂತಿಕುಮಾರ್ ಅವರಿಗೂ ತಿಳಿಸು.

ನಾಲ್ಕು ತಿಂಗಳ ಬಸುರಿ ಎಂದು ನೀನು ಬರೆದ ಪತ್ರ ಬಂದು ಮೂರು ತಿಂಗಳಾಯಿತು. ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೇರೆ ಜಾತಿಯವರನ್ನು ಮದುವೆಯಾಗಿ ನೀನು ಹರಪನಹಳ್ಳಿಗೆ ಹೋದಂದಿನಿಂದ ನಿಮ್ಮಪ್ಪ ಹೇಗಿದ್ದಾರೆಂದು ನಿನಗೇ ಗೊತ್ತು. ಅವರ ಕಣ್ಣು ತಪ್ಪಿಸಿ ಬರೆಯಬೇಕಲ್ಲ.

ಇರಲಿ, ಸುದ್ದಿ ಕೇಳು. ನಿನ್ನವ್ವ ಇಂಗ್ಲಿಷ್ ಕಾದಂಬರಿ ಓದಿ ಮುಗಿಸಿದ್ದಾಳೆ! ನಗಬೇಡ. ಮುನ್ನೂರ ಹದಿನಾಲ್ಕು ಪುಟ. ನೀನು ಟ್ರಂಕಿನಲ್ಲಿ ಬಿಟ್ಟು ಹೋದದ್ದು, ರಟ್ಟಿನ ಮೇಲೆ ಅಂಗಿ ಇಲ್ಲದ ಗಂಡಸು ಕತ್ತಿ ಹಿಡಿದು ನಿಂತಿದ್ದಾನಲ್ಲ, ಅದೇ. ಹಳೇ ಕ್ಯಾಲೆಂಡರಿನ ಹಾಳೆಯಿಂದ ಬೈಂಡ್ ಹಾಕಿ ಓದಿದೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಬರೀ ಮೂವತ್ತೈದು ತೆಗೆದವಳು, ಅಂಗನವಾಡಿ ಮಕ್ಕಳಿಗೆ ಎಬಿಸಿಡಿ ಕಲಿಸುವುದರಾಚೆ ದಾಟದವಳು! ನೀನು ಪೆನ್ಸಿಲಿನಲ್ಲಿ ಅಂಚಿಗೆ ಬರೆದಿದ್ದ ಅರ್ಥಗಳೇ ನನಗೆ ಮೇಷ್ಟ್ರಾದವು. ಮುತ್ತಿಡುವ ಪುಟಗಳಲ್ಲಿ ಮಾತ್ರ ನೀನು ಒಂದು ಅರ್ಥವನ್ನೂ ಬರೆದಿಲ್ಲ, ಕಳ್ಳಿ. ಅಲ್ಲಿ ನನಗೂ ಡಿಕ್ಷನರಿ ಬೇಕಾಗಲಿಲ್ಲ ಬಿಡು.

ಈಗ ಬಿತ್ತನೆ ಶೇಂಗಾ ಸುಲಿಯುವ ಕಾಲ. ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಓಣಿಯ ಆರೇಳು ಹೆಂಗಸರು ಕೂಡುತ್ತಾರೆ. ಅವರಿಗೆ ದಿನಾ ಒಂದಿಷ್ಟು ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಸ್ಕಾಟ್ಲೆಂಡ್ ಎಂಬ ಗುಡ್ಡದ ಸೀಮೆ, ಏಳುನೂರು ವರ್ಷದ ಹಿಂದಿನ ಮಾತು, ಅಲ್ಲಿನ ವೀರರಿಗೆ ಕುರಿಹಿಂಡೇ ಆಸ್ತಿ, ಕಂಬಳಿಯನ್ನೇ ಉಟ್ಟು ಯುದ್ಧಕ್ಕೆ ಹೋಗುತ್ತಾರೆ ಎಂದೆ. ಪಕ್ಕದ ಮನೆಯ ಹುಲುಗಮ್ಮ, "ಹಂಗಾದ್ರ ನಮ್ಮ ಕುರುಬರ ಪೈಕೀನ ಬಿಡವ್ವಾ!" ಎಂದು ತೀರ್ಪು ಕೊಟ್ಟಳು. ನಾಯಕ ಹೇಮಿಶ್ ಅಂದಿನಿಂದ ಹೇಮಣ್ಣನಾದ. ಅವನು ವೈರಿ ಪಾಳೇಗಾರನ ಮಗಳನ್ನು ಮೆಚ್ಚಿ, ಕುದುರೆ ಮೇಲೆ ಕೂರಿಸಿಕೊಂಡು ಹೋದಾಗ ಜಂಬಮ್ಮಜ್ಜಿ, "ಗಂಡಸಂದ್ರ ಅಂವ ನೋಡು!" ಎಂದು ತೊಡೆ ತಟ್ಟಿದಳು. ಟೀಚರಮ್ಮ ಇಂಗ್ಲಿಷ್ ಕಥೆ ಹೇಳುತ್ತಾಳೆಂದು ಸಂತೆಯಲ್ಲೂ ಮಾತು. ನಾನಂತೂ ಎದೆಯುಬ್ಬಿಸಿಕೊಂಡೇ ತಿರುಗುತ್ತಿದ್ದೇನೆ.

ಮೊನ್ನೆ ಕಥೆಯಲ್ಲಿ ಹೇಮಣ್ಣನ ಹೆಂಡತಿ ಬಸುರಿಯಾದಳು. ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು.

"ಕುಬಸ ಮಾಡಾಕ ತವರಿಂದ ಯಾರು ಬಂದ್ರು?" ಎಂದಳು ಜಂಬಮ್ಮಜ್ಜಿ.

ಪುಸ್ತಕದಲ್ಲಿ ಯಾರೂ ಬರುವುದಿಲ್ಲ. ತವರಿನವರು ಹಸಿರು ಸೀರೆ, ಕುಬಸ ತಂದು ಬಸುರಿಗೆ ಉಡಿ ತುಂಬುವ ಪದ್ಧತಿ ಆ ದೇಶದಲ್ಲಿ ಎಲ್ಲಿಂದ ಬರಬೇಕು? ಆದರೆ ಹಾಗೆಂದರೆ ಇವರು ಬಿಡುತ್ತಾರೆಯೇ! ನಾನೇ ಅವಳ ಅವ್ವನನ್ನು ಕುದುರೆ ಹತ್ತಿಸಿದೆ. ಸೀರೆ, ಕುಬಸ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಕಟ್ಟಿಸಿ, ವೈರಿ ಕೋಟೆಗೆ ಕಳಿಸಿದೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬರೆದವರಿಗಿಂತ ನಾನೇ ಚೆನ್ನಾಗಿ ಬರೆದೆ ಅನ್ನಿಸಿತು ನೋಡು.

ಹೊತ್ತು ಹೊತ್ತಿಗೆ ಉಣ್ಣು. ಭಾರ ಎತ್ತಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅವ್ವ,
ತಿಪ್ಪೇರುದ್ರಮ್ಮ

ತಾ.ಕ.: ಒಂದು ಮಾತು ಮುಚ್ಚಿಟ್ಟೆ. ಕಣ್ಣೊರೆಸಿಕೊಂಡ ಮೇಲೆ ಹುಲುಗಮ್ಮ ಕೇಳಿದಳು: "ಟೀಚರಮ್ಮ, ಅಕಿ ಕುದುರಿ ಹತ್ತಿ ವೈರಿ ಕೋಟಿಗೆ ಹೋದ್ಲು. ಹರಪನಳ್ಳಿಗೆ ತಾಸಿಗೊಂದು ಬಸ್ ಐತಿ. ನೀ ಯಾಕ ಮಗಳ ಕಡಿ ಹೋಗಿಲ್ಲ?" ನಾನು ಎಂದಿನಂತೆ, "ಅವರು ಬಿಡಬೇಕಲ್ಲವ್ವಾ" ಎಂದೆ. ನಿಮ್ಮಪ್ಪ ಬಾಗಿಲಲ್ಲೇ ನಿಂತಿದ್ದರು. "ನಾ ಯಾವತ್ತು ಬ್ಯಾಡಂದೀನಿ?" ಎಂದರು.

ನಿಜ, ಕೊಟ್ರಿ. ಅವರು ಬೇಡ ಅಂದಿಲ್ಲ. ಈ ಪತ್ರದ ಮೊದಲಲ್ಲೂ ಅವರ ಮೇಲೆ ಹಾಕಿದೆ, ಅಷ್ಟು ರೂಢಿಯಾಗಿಬಿಟ್ಟಿದೆ. ಓಣಿಯ ಹೆಂಗಸರು ಏನಂದಾರೋ ಎಂದು ಮೂರು ವರ್ಷ ಹೆದರಿ ಕೂತವಳು ನಾನು. ಆ ಹೆಂಗಸರೇ ಈಗ ನಿನ್ನ ಕುಬಸಕ್ಕೆ ಹೋಳಿಗೆಯ ಹೂರಣ ರುಬ್ಬುವವರು ಯಾರೆಂದು ಜಗಳಾಡುತ್ತಿದ್ದಾರೆ. ಗುರುವಾರ ಮೊದಲನೇ ಬಸ್ಸಿಗೆ ಬರುತ್ತೇನೆ. ನೀನು ಒಳಗೆ ಕರೆಯದಿದ್ದರೂ ಬರುತ್ತೇನೆ.