ದೋಣಿದಾರಿಯ ಮಾತು

ಕಾಪು,
ಮಾರ್ಚ್ 3

ಭವ್ಯಶ್ರೀಗೆ,

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಯಲ್ಲಿ ಕಾಗದ ಬರೆಸುತ್ತಿದ್ದಿ. ನೀನು ಫೋನು ಎತ್ತಿದ್ದರೆ ನನಗೆ ಈ ಕರ್ಮ ಇರಲಿಲ್ಲ.

ಕಡಲಿಗೆ ದೋಣಿ ಇಳಿಸುವ ನಮ್ಮ ದಾರಿಗೆ ರೆಸಾರ್ಟಿನವರು ಬೇಲಿ ಹಾಕಿದ್ದು ನಿನಗೆ ಗೊತ್ತುಂಟು. ಮೊನ್ನೆ ತಾಲೂಕು ಆಫೀಸಿನಲ್ಲಿ ಅದರ ವಿಚಾರಣೆ. ರೆಸಾರ್ಟಿನ ಧಣಿ ಲಂಡನ್ನಿನಿಂದ, ಅವನ ವಕೀಲರು ತಮ್ಮ ಆಫೀಸಿನಿಂದ, ಇಬ್ಬರೂ ವೀಡಿಯೋ ಕಾಲಿನಲ್ಲಿ ಅಲ್ಲಿನ ಟಿವಿಯಲ್ಲಿ ಬಂದರು. ಆ ಟಿವಿಯಲ್ಲಿ ವಕೀಲರ ಹಿಂದೆ ಫೈಲು ಹಿಡಿದು ಕೂತದ್ದು ನೀನು.

"ಕೊರೋನಾ ಸಮಯದಲ್ಲಿ ಎರಡು ವರ್ಷ ಇವರು ಆ ದಾರಿ ಬಳಸಿಯೇ ಇಲ್ಲ, ಇವರಿಗೆ ಅದರ ಹಕ್ಕಿಲ್ಲ" ಎಂದರು ವಕೀಲರು. ಅದನ್ನು ನಾನು ಹೇಳಿದ್ದು ನಿನಗೊಬ್ಬಳಿಗೆ. "ಲಾ ಕಾಲೇಜಿನ ಪ್ರಾಜೆಕ್ಟಿಗೆ ಮಾವ, ಒಂದೂ ಬಿಡದೆ ಹೇಳಿ" ಅಂತ ಕೇಳಿದ್ದಿ ಅಲ್ವಾ? ನಾನೊಬ್ಬ ಹೆಡ್ಡ, ಪೂರಾ ಹೇಳಿದೆ.

ಪಕ್ಕದಲ್ಲಿದ್ದ ಸದಾಶಿವ, "ಅದು ನಿಮ್ಮ ತಂಗಿಯ ಮಗಳಲ್ವಾ ಮಾರಾಯ್ರೆ?" ಎಂದ. ಅಲ್ಲ ಎಂದೆ.

ನಿನ್ನ ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ನಿನಗೆ ಕಳಿಸಲು ಒಣಸಿಗಡಿ ಚಟ್ನಿ ಮಾಡಿಟ್ಟಿದ್ದಾಳೆ. ರೂಮಿನ ಅಡ್ರೆಸ್ ಹಳೆಯದೇ ಉಂಟಾ, ಅದನ್ನೂ ಬರೆ.

ನನ್ನ ಮಾತನ್ನು ಅವರಿಗೆ ಕೊಟ್ಟದ್ದು ನೀನೋ, ಅಲ್ಲವೋ? ಕಾನೂನಿನ ಭಾಷೆ ಬೇಡ. ಮಾರ್ಚ್ 26ಕ್ಕೆ ಮತ್ತೆ ವಿಚಾರಣೆ ಉಂಟು, 25ರ ಒಳಗೆ ಉತ್ತರ ಬರಬೇಕು.

ಮಾವ,
ಲೋಕು ಮೆಂಡನ್