ಮಗಳ ಮೇಲೆ ನಾನೇ ಕೊಟ್ಟ ದೂರು

ನವೆಂಬರ್ ೧೮, ಮಂಗಳವಾರ. ನ್ಯಾಮತಿ

…ಹಾಗಂತ ಸುಮ್ಮನೆ ಇರಲಾಗುತ್ತದೆಯೇ? ನಿನ್ನೆಯೂ ಇದನ್ನೇ ಬರೆಯುತ್ತಿದ್ದೆ, ಕಣ್ಣು ಎಳೆಯಿತು. ಬೀಗರು ಪಂಚಾಕ್ಷರಪ್ಪ ತೀರಿಕೊಂಡದ್ದು ದೀಪಾವಳಿ ಕಳೆದ ಮೇಲೆ. ಬೆಳಿಗ್ಗೆ ವಾಂತಿ, ಮಧ್ಯಾಹ್ನಕ್ಕೆ ಇಲ್ಲ. ಹಾರ್ಟ್ ಎಂದರು. ಸಂಜೆಗೇ ನಲ್ಲೂರಿನ ಅವರ ಹೊಲದಲ್ಲಿ ಕೂರಿಸಿ, ವಿಭೂತಿ, ಉಪ್ಪು ತುಂಬಿ, ಮಣ್ಣು ಮಾಡಿದರು. ಪೋಸ್ಟ್‌ಮಾರ್ಟಮ್ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಈಗ ಎತ್ತುತ್ತಿದ್ದಾರೆ, ಅಂಗಡಿ ಕಟ್ಟೆಯ ಮೇಲೆ — ಹಿಂದಿನ ರಾತ್ರಿ ಬಡಿಸಿದವಳು ಸೊಸೆಯಂತೆ. ಸೊಸೆ ಎಂದರೆ ನನ್ನ ಪ್ರಮೀಳಾ.

ಬ್ಯಾಗು ಹಿಡಿದು ಬಂದುಬಿಟ್ಟಿದ್ದಾಳೆ. ಊರಿನ ಮಾತಿಗಲ್ಲ, ಗಂಡನ ಮೌನಕ್ಕೆ.

"ಒಂದು ಮಾತು ಅಂದಿಲ್ಲ ಅಪ್ಪಾಜಿ. ತಟ್ಟೆ ಇಟ್ರೆ ಹಸಿವಿಲ್ಲ ಅಂತಾರೆ. ಆಮೇಲೆ ಹೋಟ್ಲಾಗೆ ದೋಸೆ ತಿಂತಾರೆ."

"ಬಿಡವ್ವ, ದಿನ ಕಳೆದ್ರೆ ಮರೀತಾರೆ."

"ಮರಿಯಾದು ಬ್ಯಾಡ. ಮಾವಾರನ್ನ ಮ್ಯಾಕೆ ತೆಗೆಸ್ರಿ. ಹೊಟ್ಟ್ಯಾಗೆ ಏನೈತೆ ನೋಡ್ಲಿ."

ನನ್ನ ಹೆಂಡತಿ ಶಾಂತಾ ಬದುಕಿದ್ದರೆ ಇವಳ ಬಾಯಿ ಮುಚ್ಚಿಸುತ್ತಿದ್ದಳು. ನನ್ನಿಂದಾಗಲಿಲ್ಲ.

ನವೆಂಬರ್ ೨೦

ಸ್ಟೇಷನ್. ದೂರಿಲ್ಲದೆ ಹೂತವರನ್ನು ತೆಗೆಸಲಾಗದಂತೆ. ಎರಡು ತಾಸು ಬೆಂಚು. ಆಮೇಲೆ ರೈಟರು —

"ಯಾರ ಮ್ಯಾಲೆ ಅನುಮಾನ ಯಜಮಾನ್ರೇ?"

"ನನ್ನ ಮಗಳ ಮೇಲೆ."

"ದೂರು ಕೊಡೋರು?"

"ನಾನೇ."

ಪೆನ್ನು ಕೆಳಗಿಟ್ಟ. "ಹುಷಾರಿದ್ದೀರಾ ಹೆಂಗೆ? ಮನೀಗೆ ಹೋಗ್ರಿ."

"ಅನುಮಾನ ನನಗಿಲ್ಲ ಸ್ವಾಮಿ, ಊರಿಗೆ. ಊರು ಬಂದು ದೂರು ಕೊಡುತ್ತದೆಯೇ?"

ನಗು. ಟೀ ತಂದವನೂ ನಕ್ಕ. ಕೊನೆಗೆ ಬರೆದುಕೊಂಡರು. ಸಹಿ ಮಾಡಿದೆ. ಮಗಳ ಹೆಸರು ಮೇಲೆ, ನನ್ನ ಹೆಸರು ಕೆಳಗೆ… ಲಗ್ನಪತ್ರಿಕೆಯಲ್ಲೂ ಹೀಗೇ ಇತ್ತು.

ಡಿಸೆಂಬರ್ ೪

ಕಚೇರಿ. ತಹಸೀಲ್ದಾರ್ ಸಾಹೇಬರು ಮೀಟಿಂಗ್. ನಿನ್ನೆ ಸರ್ವೆ. ಮೊನ್ನೆ ಯಾರೋ ಮಂತ್ರಿ.

ದಾವಣಗೆರೆಯಲ್ಲಿ ಬಿ.ಎ. ಓದುವಾಗ ಇಂಗ್ಲಿಷ್ ಪಾಠವೊಂದರಲ್ಲಿ ಕರೋನರ್ ಎಂಬ ಒಬ್ಬ ಬರುತ್ತಿದ್ದ. ಅನುಮಾನದ ಸಾವಿಗೆಂದೇ ಒಬ್ಬ ಆಫೀಸರ್! ಇನ್‌ಕ್ವೆಸ್ಟ್, ವರ್ಡಿಕ್ಟ್… ಇನ್ನೊಂದು ಪದ ಇತ್ತು, ಮರೆತೆ. ಕರೋನರ್ ಎಂದರೆ ಹೆಣದ ಪರವಾಗಿ ಕೇಳುವವನು ಎಂದು ಮೇಷ್ಟ್ರು ಅರ್ಥ ಹೇಳಿದ್ದರು. ನಮ್ಮಲ್ಲಿ? ಹೂತದ್ದನ್ನು ತೆಗೆಸಲು ತಹಸೀಲ್ದಾರರೇ ಎದುರಿಗೆ ನಿಲ್ಲಬೇಕು. ಪಹಣಿಗೂ ಅವರೇ, ಓಟಿಗೂ ಅವರೇ, ಹೆಣಕ್ಕೂ ಅವರೇ. ಪಾಪ ಅಂತಲೂ ಅನ್ನಿಸುತ್ತದೆ. ಸಿಟ್ಟೂ ಬರುತ್ತದೆ. ಸಿಟ್ಟೇ ಜಾಸ್ತಿ.

ಡಿಸೆಂಬರ್ ೨೨

ಹೆಣ ತೆಗೆಯಲು ಆರ್ಡರ್ ಆಯಿತು. ದಿನ ಗೊತ್ತಾಯಿತು, ಮುಂದಕ್ಕೆ ಹೋಯಿತು. ಮತ್ತೆ ಹೋಯಿತು.

ಅಳಿಯ ವಿನಯ್ ಕುಮಾರ್ ಫೋನು: "ಮಾವ, ಕೂರಿಸಿದೋರನ್ನ ಎಬ್ಬಿಸಬಾರ್ದು. ಲಿಂಗದಾಗೆ ಕೂಡ್ಯಾರೆ ಅವ್ರು."

"ಹಾಗಾದ್ರೆ ನೀನು ಹೇಳಪ್ಪ, ಅವಳು ಏನೂ ಮಾಡಿಲ್ಲ ಅಂತ."

ಫೋನು ಕಟ್.

ಪೋಸ್ಟ್‌ಮಾರ್ಟಮ್ ಮಾಡುವ ಡಾಕ್ಟರನ್ನೂ ಕಂಡೆ. ಸಣ್ಣ ವಯಸ್ಸು, ನೇರ ಮಾತು. "ತಡ ಆದಷ್ಟೂ ಕಷ್ಟ. ಲ್ಯಾಬ್‌ನೋರು ವಿಷ ಸಿಗಲಿಲ್ಲ ಅಂತ ಬರೆದ್ರೆ, ಇರಲಿಲ್ಲ ಅಂತ ಅಲ್ಲ ಸರ್." ಅಂದರೆ ಇಷ್ಟೆಲ್ಲ ಅಲೆದು… ಪ್ರಮೀಳಾಗೆ ಹೇಳಿದೆ. "ಆದ್ರೂ ತೆಗೀಲಿ" ಎಂದಳು.

ಜನವರಿ ೬. ನಲ್ಲೂರು ಹೊಲ, ಸಂಜೆ

ಬದುವಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬೆಳಿಗ್ಗೆಯಿಂದ ಎಲ್ಲ ಇದ್ದಾರೆ — ಡಾಕ್ಟರು, ಪೊಲೀಸು, ಅಗೆಯುವವರು. ತಹಸೀಲ್ದಾರರು ಇಲ್ಲ. "ದಾರ್‍ಯಾಗೆ ಅದಾರೆ" ಎನ್ನುವುದು ಮಧ್ಯಾಹ್ನದಿಂದ ನಡೆದಿದೆ. ಬೆಳಕು ಹೋದರೆ ತಾನು ಮುಟ್ಟುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿಯಾಗಿದೆ. ವಿನಯ್ ಕುಮಾರ್ ಆಚೆ ಬದುವಿನಲ್ಲಿ, ಬೆನ್ನು ಈ ಕಡೆ.

ಯಾರ ಹೊಟ್ಟೆಗೂ ಏನಿಲ್ಲ. ಪ್ರಮೀಳಾ ಡಬ್ಬಿ ಬಿಚ್ಚಿದಳು. ಒಗ್ಗರಣೆ ಮಂಡಕ್ಕಿ. ಪೇದೆಯ ಮುಂದೆ ಹಿಡಿದಳು. ಅವನ ಕೈ ಬಂತು, ನಿಂತಿತು.

"ಒಪ್ಪತ್ತು ಐತಮ್ಮಾ."

"ಸೋಮವಾರ ನಿನ್ನೆ ಆತಲ್ರೀ."

ಅಗೆಯುವವನು ಎಲೆಅಡಿಕೆ ತೋರಿಸಿದ, ಬಾಯಿ ತುಂಬಿದೆ ಎಂಬಂತೆ. ಡಾಕ್ಟರು ಫೋನು ನೋಡಿದರು. ಓದಿದವರು! ನಾನು ಮುಷ್ಟಿ ತುಂಬ ಮುಕ್ಕಿದೆ. ಅಪ್ಪ ತಿಂದರೆ ಯಾವ ಸಾಕ್ಷಿ?

ಡಬ್ಬಿ ಹಿಡಿದು ಆಚೆ ಬದುವಿಗೇ ನಡೆದಿದ್ದಾಳೆ. ಗಂಡನ ಮುಂದೆ ನಿಂತಳು. ತಾನೊಂದು ಹಿಡಿ ಬಾಯಿಗೆ ಹಾಕಿಕೊಂಡು ಡಬ್ಬಿ ಚಾಚಿದಳು. ಗಾಳಿ ಈ ಕಡೆಗೇ ಇದೆ, ಮಾತು ಕೇಳುತ್ತದೆ.

"ಖಾರ ಹಾಕೀಯೇನು?"

"ನೀವೇ ನೋಡ್ರಿ."

ಪೇದೆಯೂ ಆ ಕಡೆಗೇ ನೋಡುತ್ತಿದ್ದಾನೆ. ಅಗೆಯುವವರೂ. ರಸ್ತೆಯಲ್ಲಿ ತಹಸೀಲ್ದಾರರ ಜೀಪಿನ ಧೂಳು ಎದ್ದಿದೆ. ಡಾಕ್ಟರು ಕೈಗವಸು ಕಳಚುತ್ತಾ, "ಇವತ್ತು ಆಗಲ್ಲ ಬಿಡಿ, ಇನ್ನೊಂದು ದಿನ." ಆಗದಿದ್ದರೆ ಬಿಡಲಿ! ಜೀಪನ್ನು ಯಾರು ನೋಡುತ್ತಾರೆ ಈಗ?

ವಿನಯ್ ಡಬ್ಬಿಗೆ ಕೈ ಹಾಕಿದ. ಮುಷ್ಟಿ ಕಟ್ಟಿದ. ಕೈ ಮೇಲೆ ಏಳುತ್ತಿದೆ… ಬಾಯಿಗೋ, ಸುಮ್ಮನೆ ಮೀಸೆ ಒರೆಸಿಕೊಳ್ಳಲೋ… ಕನ್ನಡಕ ಒರೆಸಿಕೊಂಡೆ. ಉಹೂಂ. ಬರೆದ ಅಕ್ಷರವೂ ಕಾಣುತ್ತಿಲ್ಲ, ಬೆಳಕು