ವಿಮಾನಕ್ಕಿಂತ ಮೊದಲು ಬಂದವರು

ಭಾನುವಾರ, ಸಂಜೆ

ಬಾಗಿಲಾಚೆ ನಿಂತಿರುವ ನಮ್ಮ ಮನೆಯವರಿಗೆ, ಒಳಗಿನಿಂದ ನಮಸ್ಕಾರಗಳು.

ಬೆಲ್ ಒತ್ತುವುದನ್ನು ದಯವಿಟ್ಟು ನಿಲ್ಲಿಸಿ. ಎದುರುಮನೆಯ ಟೀಚರಮ್ಮ ಆಗಲೇ ಕಿಟಕಿಗೆ ಅಂಟಿಕೊಂಡಿರುತ್ತಾರೆ. ಬಾಯಿಬಿಟ್ಟು ಹೇಳಿದರೆ ಒಳಗೆ ಕೂತಿರುವವರಿಗೆ ಕೇಳಿಸುತ್ತದೆ, ಅದಕ್ಕೇ ಬರೆದು ಬಾಗಿಲ ಸಂದಿಯಿಂದ ತಳ್ಳುತ್ತಿದ್ದೇನೆ. ಮೊದಲು ಓದಿ, ಸಿಟ್ಟು ಆಮೇಲೆ ಮಾಡಿಕೊಳ್ಳಿ.

ಮಧ್ಯಾಹ್ನ ನೀವು ಫೋನ್ ಮಾಡಿ, ವಿಮಾನದಲ್ಲಿ ಕೂತಾಯಿತು, ವಿಚ್ಛೇದನದ ಕಾಗದ ತರುತ್ತಿದ್ದೇನೆ, ಪೆನ್ನು ಹುಡುಕಿಟ್ಟುಕೋ ಅಂದಿರಿ. ಎರಡು ವರ್ಷ ದೂರವಿದ್ದ ಹೆಂಡತಿಗೆ ಆಡುವ ಮಾತೇ ಅದು? ಅಳು ಬಂತು. ಫೋನ್ ಕೆಳಗಿಟ್ಟೆ. ಬೆಲ್ ಆಯಿತು. ತೆಗೆದರೆ ನೀವು.

ನಾನು ಟಿಕೆಟ್ ಬುಕ್ ಮಾಡುವ ಆಫೀಸಿನಲ್ಲಿ ಕೂರುವವಳು. ನೀವಿರುವ ಊರಿಗೂ ಈ ಊರಿಗೂ ಸಾವಿರದ ಇನ್ನೂರು ಕಿಲೋಮೀಟರು, ಹಾರಾಟ ಎರಡು ಗಂಟೆ ಎಂದು ಗಿರಾಕಿಗಳಿಗೆ ಒದರಿ ಒದರಿ ನಾಲಿಗೆ ಸವೆದಿದೆ. ಇದಕ್ಕಿಂತ ಬೇಗ ತಲುಪುವುದು ಯಾವುದೂ ಇಲ್ಲವಾ ಎಂದು ಕೇಳಿದರೆ, ಇದ್ದಿದ್ದರೆ ನಾನೇ ಹತ್ತುತ್ತಿದ್ದೆ ಸ್ವಾಮಿ ಎಂದು ನಗಿಸುತ್ತೇನೆ.

ಬೇರೆಯವಳಾಗಿದ್ದರೆ ಕಿರುಚುತ್ತಿದ್ದಳೇನೋ. ನಾನು ಹಾಗೆ ಬಂದು ನಿಂತವರ ಕೈಯಿಂದ ಬ್ಯಾಗು ತೆಗೆದುಕೊಂಡೆ. ಅದರಲ್ಲಿ ಏನೂ ಇರಲಿಲ್ಲ. ಅವರ ಕೈ ತಣ್ಣಗೆ ಕೊರೆಯುತ್ತಿತ್ತು. ಚಹಾಕ್ಕೆ ಎದ್ದರೆ, ನೀನು ಕೂತ್ಕೋ ಎಂದು ತಾವೇ ಅಡುಗೆಮನೆಗೆ ಹೋದರು. ಸಕ್ಕರೆ ಡಬ್ಬಿ ಎಲ್ಲಿ ಎಂದು ಕೇಳಲಿಲ್ಲ. ನೀವು ಹೋದಮೇಲೆ ಮಾಡಿಸಿದ ಕಪಾಟು ಅದು, ನೀವದನ್ನು ನೋಡಿಯೇ ಇಲ್ಲ.

ಎದುರಿಗೆ ಕೂತು, ತಪ್ಪು ನಂದೇ ಕಣೇ ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ನಿಮ್ಮ ಬಾಯಲ್ಲಿ ಒಮ್ಮೆಯಾದರೂ ಬಂದ ಮಾತಾ? ರೆಪ್ಪೆ ಬಡಿಯುವುದನ್ನು ಮಾತ್ರ ಆಗಾಗ ಮರೆಯುತ್ತಿದ್ದರು. ನೆನಪಾದಾಗ ಒಟ್ಟಿಗೆ ನಾಲ್ಕೈದು ಸಲ ಬಡಿದುಬಿಡುತ್ತಿದ್ದರು.

ನಿಮ್ಮ ವಿಮಾನ ಇಳಿಯುವ ಹೊತ್ತಾಗುತ್ತಿದ್ದಂತೆ ಗಡಿಯಾರ ನೋಡತೊಡಗಿದರು. ಚಿಲಕ ಹಾಕು, ಅವನು ಒಳಗೆ ಬಂದ್ರೆ ನಾನಿರಲ್ಲ ಅಂದರು. ನೀವು ಬೆಲ್ ಒತ್ತಿದಾಗಿನಿಂದ ಕೂತಲ್ಲೇ ತೆಳ್ಳಗಾಗುತ್ತಿದ್ದಾರೆ. ಅಂಗಿಯ ಮೂಲಕ ಕುರ್ಚಿಯ ಬೆತ್ತದ ಹೆಣಿಗೆ ಕಾಣಿಸುತ್ತಿದೆ. ನನಗೆ ಹೆದರಿಕೆಯಾಗಿದೆ, ಅವರಿಂದಲ್ಲ, ಅವರು ಇಲ್ಲವಾದರೆ ಎಂದು.

ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೆ, ಸುಳ್ಳೇಕೆ ಹೇಳಲಿ. ನಿಮ್ಮ ಕೆಮ್ಮು ಕೇಳಿ ಅದನ್ನು ಅರ್ಧ ಸರಿಸಿಯೂ ಇದ್ದೆ. ಆದರೆ ಮನೆಯವರು ಅಂದರೆ ಮನೆಯಲ್ಲಿ ಇರುವವರು ತಾನೆ? ಎರಡು ವರ್ಷದಿಂದ ಆ ಮಾತನ್ನು ನಿಮಗೆ ಬಳಸಿ ದಂಡ ಮಾಡಿದೆ. ನಾನು ಬಾಗಿಲು ತೆಗೆಯುವುದಿಲ್ಲ. ರಾತ್ರಿಯ ವಿಮಾನದಲ್ಲಿ ನಿಮಗೆ ಕಿಟಕಿ ಸೀಟು ಈಗಷ್ಟೇ ಬುಕ್ ಮಾಡಿದ್ದೇನೆ. ಹೊರಡಿ. ಹುಷಾರಾಗಿ ಹೋಗಿ.

ಇಂತಿ,
ಇಷ್ಟು ವರ್ಷ ನಿಮ್ಮ ಹೆಂಡತಿ ಅನ್ನಿಸಿಕೊಂಡವಳು

ತಾ.ಕ.: ಮದುವೆಯಾದ ಹೊಸದರಲ್ಲಿ ನಾನು ತವರಿನಿಂದ ವಿಮಾನದಲ್ಲಿ ಬರಬೇಕಿದ್ದ ದಿನ, ಬಾಗಿಲು ತೆಗೆದ ನೀವು, ಇಷ್ಟು ಬೇಗ ಹೇಗೆ ಬಂದ್ಯೇ ಎಂದು ಎತ್ತಿಕೊಂಡು ಕುಣಿದಿರಿ. ವಿಮಾನ ಇಳಿದ ಮೇಲೆ ಅದೇ ದಿನ ಇನ್ನೊಮ್ಮೆ ಬೆಲ್ ಆಗಿತ್ತು, ನೆನಪಿದೆಯೇ? ಕಿಂಡಿಯಲ್ಲಿ ಇಣುಕಿ ಬಂದು, ಯಾರೋ ಮನೆ ತಪ್ಪಿ ಬಂದವರು ಅಂದೆ. ಕತ್ತಲಾಗುವ ತನಕ ಮೆಟ್ಟಿಲ ಮೇಲೆ ಕೂತಿದ್ದಳು ಪಾಪ, ನನ್ನದೇ ಮುಖದವಳು. ನೀವು ಮದುವೆಯಾದದ್ದು ಅವಳನ್ನು.